ಹಾರುವ ಬೊಂಬೆಗೆ ಎಷ್ಟು ಬಣ್ಣ?

ಗುಬ್ಬಿಯೆಂದೊಡನೆ ಕನ್ನಡಿಗರಿಗೆ ನೆನಪಾಗುವುದು ನಾಟಕ ಕಂಪನಿಯ ಬಣ್ಣದ ಪರದೆ. 1884ರಲ್ಲಿ ಹುಟ್ಟಿ, ವೀರಣ್ಣನವರ ಕೈಯಲ್ಲಿ ನಾಡಿಗೆಲ್ಲ ಹೆಸರಾದ ಕಂಪನಿಯದು. ಈಗ ಅದೇ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ, 615 ಎಕರೆಯ ವಿಸ್ತಾರದಲ್ಲಿ, ಹಿಂದೂಸ್ತಾನ್ ಏರೋನಾಟಿಕ್ಸ್ ಸಂಸ್ಥೆಯ ಹೆಲಿಕಾಪ್ಟರ್ ಕಾರ್ಖಾನೆ ನಿಂತಿದೆ. 2016ರಲ್ಲಿ ಶಂಕುಸ್ಥಾಪನೆಯಾದ ಅದು 2023ರ ಫೆಬ್ರವರಿ 6ರಂದು ರಾಷ್ಟ್ರಕ್ಕೆ ಸಮರ್ಪಿತವಾಯಿತು. ಆಕಾಶಯಾನವು ಇಷ್ಟು ಸಮೀಪಕ್ಕೆ ಬಂದಮೇಲೆ ಹುಡುಗರ ಕೈ ಸುಮ್ಮನಿದ್ದೀತೆ?

ತುಮಕೂರಿನ ಒಬ್ಬ ವಿದ್ಯಾರ್ಥಿಯನ್ನು ಕಲ್ಪಿಸಿಕೊಳ್ಳೋಣ. ತಿಂಗಳುಗಟ್ಟಲೆ ನಿದ್ದೆಗೆಟ್ಟು ಅವನು ಥರ್ಮೋಕೋಲಿನ ಪುಟ್ಟ ವಿಮಾನವೊಂದನ್ನು ಕಟ್ಟಿದ್ದಾನೆ. ಪ್ರದರ್ಶನದ ಹಿಂದಿನ ಸಂಜೆ ಅಂಗಡಿಯಿಂದ ತಂದ ಸ್ಪ್ರೇ ಬಣ್ಣವನ್ನು ಅದಕ್ಕೆ ಊದುತ್ತಾನೆ. ನೋಡನೋಡುತ್ತಿದ್ದಂತೆ ರೆಕ್ಕೆಯ ಮೇಲೆ ಕುಳಿಗಳು ಬೀಳುತ್ತವೆ. ತಿಂಗಳ ಶ್ರಮ ನಿಮಿಷದಲ್ಲಿ ಕರಗಿಹೋಗುತ್ತದೆ. ತಪ್ಪು ಕೈಯದಲ್ಲ, ಆಯ್ಕೆಯದು.

ಒಡಲಿಗೆ ತಕ್ಕ ಬಣ್ಣ

ಸ್ಪ್ರೇ ಡಬ್ಬಿಯಲ್ಲಿರುವ ದ್ರಾವಕಗಳು ಥರ್ಮೋಕೋಲನ್ನು ಕರಗಿಸುತ್ತವೆ. ಅದಕ್ಕೆ ನೀರಿನಲ್ಲಿ ಬೆರೆಯುವ ಅಕ್ರಿಲಿಕ್ ಬಣ್ಣವೇ ಕ್ಷೇಮ. ಬಾಲ್ಸಾ ಮರದ ಚೌಕಟ್ಟಿಗೆ ತೆಳುಕಾಗದ ಹೊದಿಸಿದ ವಿಮಾನಕ್ಕಾದರೆ ‘ಡೋಪ್’ ಎಂಬ ಲೇಪವಿದೆ. ಸೆಲ್ಯುಲೋಸಿನಿಂದ ಮಾಡಿದ ಈ ದ್ರವವು ಒಣಗುತ್ತ ಕಾಗದವನ್ನು ತಮಟೆಯ ಚರ್ಮದಂತೆ ಬಿಗಿಯುತ್ತದೆ. ಒಂದು ಬಣ್ಣದ ಮೇಲೆ ಇನ್ನೊಂದನ್ನು ಬಳಿಯುವಾಗಲೂ ಕ್ರಮವುಂಟು. ಎನಾಮಲ್ಲಿನ ಮೇಲೆ ತೀಕ್ಷ್ಣ ಥಿನ್ನರಿನ ಲ್ಯಾಕರ್ ಬಿದ್ದರೆ ಕೆಳಗಿನ ಪದರ ಸುಕ್ಕುಗಟ್ಟುತ್ತದೆ. ಯಾವುದೇ ಬಣ್ಣವಾಗಲಿ, ಮೊದಲು ಉಳಿಕೆ ತುಂಡಿನ ಮೇಲೆ ಪರೀಕ್ಷಿಸಿ ಒಂದು ದಿನ ಕಾಯುವುದು ವಿವೇಕ.

ಹರಳೆಣ್ಣೆಯ ಪರೀಕ್ಷೆ

ಬಣ್ಣದ ಮೇಲೆ ಬಳಿಯುವ ಪಾರದರ್ಶಕ ಲೇಪವು ಹೊಳಪಿಗಷ್ಟೇ ಅಲ್ಲ, ರಕ್ಷಣೆಗೂ ಬೇಕು. ಪುಟ್ಟ ಗ್ಲೋ ಎಂಜಿನ್ನಿನ ಇಂಧನದಲ್ಲಿ ಮೆಥನಾಲ್, ನೈಟ್ರೋಮೀಥೇನ್, ಹಲವು ವೇಳೆ ಹರಳೆಣ್ಣೆಯೂ ಇರುತ್ತವೆ. ಹಾರಾಟದುದ್ದಕ್ಕೂ ಈ ಜಿಡ್ಡು ಮೈಮೇಲೆ ಸಿಡಿಯುತ್ತದೆ. ಚನ್ನಪಟ್ಟಣದ ಬೊಂಬೆಗೆ ಕಾಂತಿ ಕೊಡುವ ಅರಗು ನಮ್ಮವರಿಗೆ ಚಿರಪರಿಚಿತ. ಬಡಗಿಗಳ ಫ್ರೆಂಚ್ ಪಾಲಿಶ್ ಕೂಡ ಅರಗಿನದೇ. ಮರದ ರಂಧ್ರ ಮುಚ್ಚಲು ಅದು ಸೊಗಸು. ಆದರೆ ಮದ್ಯಸಾರದಲ್ಲಿ ಕರಗುವ ಅರಗು ಮೆಥನಾಲಿನ ಮುಂದೆ ನಿಲ್ಲಲಾರದು. ನೈಟ್ರೇಟ್ ಡೋಪೂ ಹಾಗೆಯೇ; ಬ್ಯುಟಿರೇಟ್ ಡೋಪ್ ತಕ್ಕಮಟ್ಟಿಗೆ ತಾಳುತ್ತದೆ. ಪೂರ್ಣ ನಂಬಿಕೆಗೆ ಎರಡು ಭಾಗಗಳನ್ನು ಬೆರೆಸಿ ಬಳಿಯುವ ಪಾಲಿಯುರೆಥೇನ್ ಬೇಕು. ಬ್ಯಾಟರಿಯ ಮೋಟಾರಿನಿಂದ ಹಾರುವ ವಿಮಾನಕ್ಕೆ ಈ ಚಿಂತೆಯಿಲ್ಲ. ನೀರಿನ ವಾರ್ನಿಶ್ಶಿನ ಒಂದು ತೆಳುಪದರ ಸಾಕು.

ಆದರೆ ರಕ್ಷಿಸುವ ಲೇಪವೇ ಬಳಿಯುವವನನ್ನು ಭಕ್ಷಿಸಬಾರದು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ವಿಮಾನದ ಬಟ್ಟೆಗೆ ಡೋಪ್ ಬಳಿಯುತ್ತಿದ್ದ ಕೆಲಸಗಾರರು ಅದರಲ್ಲಿದ್ದ ಟೆಟ್ರಾಕ್ಲೋರೋಈಥೇನ್ ಎಂಬ ದ್ರಾವಕದ ಆವಿಯಿಂದ ಕಾಮಾಲೆ ಹಿಡಿದು ಪ್ರಾಣ ಕಳೆದುಕೊಂಡರು. ಇಂದಿನ ಪಾಲಿಯುರೆಥೇನಿನ ಗಟ್ಟಿಕಾರಕದಲ್ಲಿರುವ ಐಸೋಸಯನೇಟ್ ಕೂಡ ಶ್ವಾಸಕೋಶದ ಶತ್ರು. ಅದನ್ನು ಮುಚ್ಚಿದ ಕೋಣೆಯಲ್ಲಿ ಎಂದಿಗೂ ಊದಬಾರದು. ತಕ್ಕ ಮುಖಗವಸಿಲ್ಲದವರು ಅದರ ಗೊಡವೆಗೇ ಹೋಗದಿರುವುದು ಲೇಸು. ಮಳೆಗಾಲದ ತೇವದ ಸಂಜೆಯೂ ಡೋಪಿಗೆ ಆಗದು. ದ್ರಾವಕ ಆರುವಾಗ ಮೈ ತಣಿದು, ಗಾಳಿಯ ತೇವ ಅಲ್ಲಿ ಕೂತು, ಹೊಳಪಿನ ಬದಲು ಬಿಳಿಯ ಮಬ್ಬು ಕವಿಯುತ್ತದೆ.

ಕುದುರೆಯ ಬೆನ್ನಿನ ಲೆಕ್ಕ

ಪಂದ್ಯದ ಕುದುರೆಗಳನ್ನು ಬೆಳೆಸಿ ಹೆಸರಾದ ಊರು ಕುಣಿಗಲ್. ಕುದುರೆಯ ಬೆನ್ನ ಮೇಲಿನ ಒಂದೊಂದು ಕಿಲೋಗೂ ಪಂದ್ಯದಲ್ಲಿ ಬೆಲೆಯಿದೆ ಎಂಬುದನ್ನು ಬಲ್ಲವರಿಗೆ ವಿಮಾನದ ಗುಟ್ಟು ಬೇಗ ತಿಳಿಯುತ್ತದೆ. ಒಂದೂವರೆ ಮೀಟರ್ ಉದ್ದ, 20 ಸೆಂಟಿಮೀಟರ್ ಅಗಲದ ರೆಕ್ಕೆಯ ಎರಡೂ ಮೈಗೆ, ಒಣಗಿದ ಮೇಲೆ ಮಿಲಿಮೀಟರಿನ ಇಪ್ಪತ್ತನೆಯ ಒಂದು ಪಾಲು ದಪ್ಪ ಉಳಿಯುವಂತೆ ಬಣ್ಣ ಬಳಿದರೂ ಸುಮಾರು 35 ಗ್ರಾಂ ತೂಕ ಏರುತ್ತದೆ. ಬಾಲದ ಬಣ್ಣವಂತೂ ಇನ್ನೂ ದುಬಾರಿ. ಸಮತೋಲದ ಬಿಂದುವಿನಿಂದ ಬಾಲವು ಮೂಗಿಗಿಂತ ಮೂರು ಪಟ್ಟು ದೂರವಿದ್ದರೆ, ಬಾಲಕ್ಕೆ ಸೇರಿದ 10 ಗ್ರಾಂ ಬಣ್ಣವನ್ನು ಸರಿದೂಗಿಸಲು ಮೂಗಿಗೆ 30 ಗ್ರಾಂ ಸೀಸ ಕಟ್ಟಬೇಕು. ಅಲಂಕಾರಕ್ಕಾಗಿ ಹೊತ್ತ ಹೊರೆ ಹಾರಾಟದ ಬಲವನ್ನೇ ತಿನ್ನುತ್ತದೆ.

ಹಾಗಾದರೆ ಎಂಥ ಬಣ್ಣ ಬಳಿಯಬೇಕು? ಉತ್ತರ ಗುಬ್ಬಿಯ ರಂಗಭೂಮಿಯಲ್ಲೇ ಇದೆ. ಪರದೆಯ ನವುರಾದ ಗೆರೆಗಳು ಹಿಂದಿನ ಸಾಲಿನ ಪ್ರೇಕ್ಷಕನಿಗೆ ಕಾಣುವುದಿಲ್ಲ; ಅವನಿಗೆ ತಲುಪುವುದು ದೊಡ್ಡ, ಸ್ಪಷ್ಟ ವರ್ಣಗಳು. ಆಕಾಶಕ್ಕೇರಿದ ಪುಟ್ಟ ವಿಮಾನವೂ ನೆಲದ ಮೇಲಿನವನಿಗೆ ಬರಿಯ ನೆರಳಾಗುತ್ತದೆ. ಅದು ನೆಟ್ಟಗಿದೆಯೋ ಮಗುಚಿದೆಯೋ ತಿಳಿಯದಿದ್ದರೆ ಮರುಕ್ಷಣವೇ ನೆಲಕಚ್ಚುತ್ತದೆ. ರೆಕ್ಕೆಯ ಮೇಲ್ಮೈಗೆ ಒಂದು, ಕೆಳಮೈಗೆ ಅದಕ್ಕೆ ಎದುರಾದ ಇನ್ನೊಂದು ಬಣ್ಣವಿದ್ದರೆ ಸಾಕು. ಹತ್ತು ಚಿತ್ತಾರಗಳು ಬೇಡ.

ಬೀರುವಿನಲ್ಲಿಡುವ ಬೊಂಬೆಗೆ ಕನ್ನಡಿಯ ಹೊಳಪು ಭೂಷಣವಾದೀತು. ಗಾಳಿಗೇರಬೇಕಾದುದಕ್ಕೆ, ಕಾಯುವಷ್ಟು ಲೇಪ, ಕಾಣುವಷ್ಟು ಬಣ್ಣ. ಅದಕ್ಕಿಂತ ಹೆಚ್ಚಿನ ಶೃಂಗಾರವನ್ನು ಆಕಾಶ ಕೇಳುವುದಿಲ್ಲ.