ಹೊಳಪು ಡಬ್ಬಿಯಲ್ಲಿದೆಯೇ?

ಮೋಟಾರು ಸಾಮಾನುಗಳ ಅಂಗಡಿಯಲ್ಲಿ ಕಾರಿಗೆ ಹಚ್ಚುವ ಮೇಣದ ಎರಡು ಡಬ್ಬಿಗಳನ್ನು ನಾವು ಪಕ್ಕಪಕ್ಕದಲ್ಲಿಯೇ ಕಾಣುತ್ತೇವೆ. ಒಂದರ ಬೆಲೆ ಇನ್ನೊಂದರ ಹತ್ತು ಪಟ್ಟು. ಕಾರನ್ನೇ ನಂಬಿ ಬದುಕುವ ಟ್ಯಾಕ್ಸಿ ಚಾಲಕನಿಗಾಗಲಿ, ಸಾಲಮಾಡಿ ಕಾರು ಕೊಂಡ ಗೃಹಸ್ಥನಿಗಾಗಲಿ ಇಲ್ಲೊಂದು ಪ್ರಶ್ನೆ ಏಳುವುದು ಸಹಜ: ಹೆಚ್ಚು ಹಣ ತೆತ್ತರೆ ಹೆಚ್ಚು ಹೊಳಪು ದೊರೆಯುವುದೇ? ಉತ್ತರಕ್ಕೆ ಮೊದಲು ಹೊಳಪೆಂದರೇನೆಂಬುದನ್ನು ವಿಚಾರಿಸೋಣ.

ನಯವಾದ ಮೇಲ್ಮೈಗೆ ತಾಗಿದ ಬೆಳಕು ಒಂದೇ ಕ್ರಮದಲ್ಲಿ ಹಿಂದಿರುಗುವುದು; ಒರಟಾದುದಕ್ಕೆ ತಾಗಿದರೆ ದಿಕ್ಕುದಿಕ್ಕಿಗೆ ಚೆದರುವುದು. ನಿಶ್ಚಲವಾದ ಕೆರೆಯಲ್ಲಿ ಸ್ಪಷ್ಟವಾಗಿದ್ದ ಮರದ ಪ್ರತಿಬಿಂಬವು ಗಾಳಿ ಬೀಸಿದೊಡನೆ ಕದಡಿಹೋಗುವುದು ಇದರಿಂದಲೇ. ಆದುದರಿಂದ ಕಾರಿನ ಹೊಳಪಿಗೆ ಮುಖ್ಯ ಆಧಾರ ಅದರ ಬಣ್ಣದ ನಯವೇ ಹೊರತು ಡಬ್ಬಿಯೊಳಗಿನ ವಸ್ತುವಲ್ಲ.

ಇಂದಿನ ಕಾರಿನ ತಗಡಿನ ಮೇಲಿರುವ ಲೇಪಗಳೆಲ್ಲ ಸೇರಿದರೂ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ ದಪ್ಪ. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ಎಲ್ಲಕ್ಕಿಂತ ಮೇಲಿರುವ, ‘ಕ್ಲಿಯರ್ ಕೋಟ್’ ಎನಿಸಿಕೊಳ್ಳುವ ಪಾರದರ್ಶಕ ಲೇಪವು ಸುಮಾರು 40 ಮೈಕ್ರಾನ್; ತಲೆಗೂದಲಿಗಿಂತಲೂ ತೆಳು. ಬಿಸಿಲಿನ ಅತಿನೇರಳೆ ಕಿರಣಗಳಿಂದ ಕೆಳಗಿನ ಬಣ್ಣವನ್ನು ಕಾಯುವುದು ಇದೇ. ಗೀರುಗಳನ್ನು ಪಾಲಿಷ್ ಮಾಡಿ ತೆಗೆಯುವುದೆಂದರೆ ಈ ಲೇಪವನ್ನೇ ಕೊಂಚ ಸವೆಸಿ ಸಮಮಾಡುವುದು. ಸವೆದುದು ಮತ್ತೆ ಬೆಳೆಯದು. ಅದು ತೀರಿದ ದಿನ ಹೊಸ ಬಣ್ಣ ಹೊಡೆಸದೆ ಗತ್ಯಂತರವಿಲ್ಲ.

ಈ ಗೀರುಗಳಲ್ಲಿ ಬಹುಪಾಲು ನಮ್ಮ ಕೈಯಿಂದಲೇ ಆದುವು. ರಸ್ತೆಯ ಧೂಳಿನಲ್ಲಿ ಕ್ವಾರ್ಟ್ಸ್ ಕಣಗಳು ಹೇರಳ. 1812ರಲ್ಲಿ ಫ್ರೀಡ್ರಿಕ್ ಮೋಸ್ ರೂಪಿಸಿದ ಕಾಠಿನ್ಯಮಾನದಲ್ಲಿ ಕ್ವಾರ್ಟ್ಸಿನ ಸ್ಥಾನ 7. ಗಾಜನ್ನೇ ಗೀರಬಲ್ಲ ವಸ್ತು ಅದು. ಬೆಳಗ್ಗೆ ಒಣಬಟ್ಟೆಯಿಂದ ಧೂಳೊರೆಸುವವನು ತಾನರಿಯದೆಯೇ ಕಾರನ್ನು ಸಾಣೆ ಹಿಡಿಯುತ್ತಿರುವನು.

ಈಗ ಡಬ್ಬಿಗಳತ್ತ ತಿರುಗೋಣ. ಹೆಸರಾಂತ ಕಾರ್ನಾಬಾ ಮೇಣವು ಈಶಾನ್ಯ ಬ್ರೆಜಿಲಿನ ಒಂದು ತಾಳೆಜಾತಿಯ ಮರದ ಎಲೆಗಳಿಂದ ದೊರೆಯುವುದು. ಶುದ್ಧರೂಪದಲ್ಲಿ ಇದು ಕಲ್ಲಿನಂತೆ ಗಡುಸು. 80 ಡಿಗ್ರಿ ಸೆಲ್ಸಿಯಸ್ ದಾಟಿದಮೇಲೆಯೇ ಕರಗುವುದು. ಹಾಗೆಯೇ ಹಚ್ಚಲು ಬಾರದ್ದರಿಂದ ದುಬಾರಿ ಡಬ್ಬಿಯಲ್ಲಿಯೂ ಇದನ್ನು ದ್ರಾವಕ, ಎಣ್ಣೆ, ಮೆತ್ತನೆಯ ಮೇಣಗಳೊಡನೆ ಬೆರೆಸಲೇಬೇಕು. ಅಗ್ಗದ ಡಬ್ಬಿಯ ತಿರುಳೂ ಇದೇ ಜಾತಿಯದು. ಪರಿಮಳ, ಡಬ್ಬಿಯ ಅಂದ, ಹಚ್ಚುವಾಗಿನ ಸಲೀಸುತನಗಳಲ್ಲಿ ವ್ಯತ್ಯಾಸವುಂಟು. ಹೊಳಪಿನಲ್ಲಿ ಹತ್ತು ಪಟ್ಟಿನ ವ್ಯತ್ಯಾಸವನ್ನು ನಿರೀಕ್ಷಿಸಲಾಗದು. ಷಾಂಪೂವಿನ ಕಥೆಯೂ ಹೀಗೆಯೇ. ಜಿಡ್ಡನ್ನು ನೀರಿಗೆ ಬಿಡಿಸಿಕೊಡುವ ರಾಸಾಯನಿಕಗಳು ಎರಡು ಬಗೆಯ ಸೀಸೆಗಳಲ್ಲಿಯೂ ಒಂದೇ ಕುಲದವು.

ಹಾಗೆಂದು ಹೆಚ್ಚಿನ ಬೆಲೆಯೆಲ್ಲ ವಂಚನೆಯೆನ್ನುವುದೂ ಸರಿಯಲ್ಲ. ಪಾಲಿಷಿನಲ್ಲಿರುವ ಅಲ್ಯೂಮಿನಿಯಂ ಆಕ್ಸೈಡಿನ ಪುಡಿ ಒಂದೇ ಗಾತ್ರದ್ದಾಗಿರಬೇಕು. ಕೆಲವೇ ದಪ್ಪ ಕಣಗಳು ಬೆರೆತರೂ ಹಳೆಯ ಗೀರು ಹೋಗಿ ಹೊಸದು ಮೂಡುವುದು. ಸಿಲಿಕಾ ಮೂಲದ ‘ಸಿರಾಮಿಕ್’ ಲೇಪವು ಬಣ್ಣಕ್ಕೆ ಬಿಗಿಯಾಗಿ ಅಂಟಿ, ಮೇಣಕ್ಕಿಂತ ಬಹುಕಾಲ ನಿಲ್ಲುವುದು ನಿಜ. ಆದರೆ ಅದರ ಮೇಲೆ ಅಚ್ಚುಮಾಡುವ ‘9ಎಚ್’ ಎಂಬುದನ್ನು ಕಂಡು ಮೋಸನ ಮಾನದ 9 ಎಂದು ಭ್ರಮಿಸಬಾರದು. ಅದು ಬರೆಯುವ ಪೆನ್ಸಿಲ್ಲಿನ ಗಡುಸಿನ ಅಳತೆ! ಮರಳಿನ ಕಣಕ್ಕೆ ಅದೇನೂ ಅಭೇದ್ಯವಲ್ಲ.

ಸಂಶಯವಿದ್ದ ವಾಚಕರು ತಾವೇ ಪರೀಕ್ಷಿಸಬಹುದು. ಬಾನೆಟ್ಟನ್ನು ತೊಳೆದು ಒರೆಸಿ, ನಡುವೆ ಅಂಟುಪಟ್ಟಿ ಹಚ್ಚಿ, ಒಂದು ಪಾಲಿಗೆ ದುಬಾರಿ ಮೇಣವನ್ನೂ ಇನ್ನೊಂದಕ್ಕೆ ಅಗ್ಗದ್ದನ್ನೂ ಸ್ನೇಹಿತರಿಂದ ಹಚ್ಚಿಸಿರಿ. ಯಾವುದು ಯಾವ ಕಡೆಯೆಂದು ಅವರು ನಿಮಗೆ ಹೇಳಕೂಡದು. ವಾರಕ್ಕೊಮ್ಮೆ ನೀರು ಚಿಮುಕಿಸಿ, ಹನಿಗಳು ಎಲ್ಲಿ ಗುಂಡಗೆ ನಿಲ್ಲುವುವು, ಎಲ್ಲಿ ಹರಡುವುವು ಎಂದು ಬರೆದಿಡಿರಿ. ಬೆಲೆಯನ್ನು ಅರಿಯದ ಕಣ್ಣೇ ನಿಷ್ಪಕ್ಷಪಾತವಾದ ಕಣ್ಣು.

ಹಾಗಾದರೆ ಹಣವನ್ನು ಎಲ್ಲಿ ವೆಚ್ಚಮಾಡಬೇಕು? ಮೊದಲು ಬಟ್ಟೆಗೆ. ಮೈಕ್ರೋಫೈಬರ್ ಬಟ್ಟೆಯ ನವುರಾದ ಎಳೆಗಳು ಕಣಗಳನ್ನು ತಮ್ಮೊಳಗೆ ಸೆಳೆದುಕೊಳ್ಳುವುವು. ಅನಂತರ ಎರಡು ಬಕೀಟುಗಳಿಗೆ: ಒಂದರಲ್ಲಿ ಷಾಂಪೂ ನೀರು, ಇನ್ನೊಂದರಲ್ಲಿ ಬಟ್ಟೆ ಜಾಲಿಸಲು ಬರಿಯ ನೀರು. ಮುಟ್ಟುವ ಮೊದಲು ಧೂಳನ್ನು ನೀರಿನಿಂದಲೇ ಇಳಿಸಬೇಕು. ಬೆಂಗಳೂರಿನಂತಹ ಊರುಗಳ ಕೊಳವೆಬಾವಿಯ ಗಡುಸು ನೀರು ಆರಿದರೆ ಸುಣ್ಣದ ಕಲೆಗಳನ್ನು ಉಳಿಸುವುದು. ಆದುದರಿಂದ ನೆರಳಿನಲ್ಲಿ ತೊಳೆದು ಒಡನೆಯೇ ಒರೆಸಬೇಕು. ಇಷ್ಟು ಮಾಡಿದವರಿಗೆ ಅಗ್ಗದ ಮೇಣವೇ ಸಾಕು. ಇಷ್ಟನ್ನು ಮಾಡದವರ ಕಾರನ್ನು ಎಷ್ಟು ಬೆಲೆಯ ಮೇಣವೂ ಕಾಪಾಡಲಾರದು.