ನಮ್ಮ ದೋಣಿಗೆ ಎರಡು ಚಕ್ರ

ನೀರಿನಲ್ಲಿ ಹಗುರವಾಗಿ ತೇಲುವ ದೋಣಿ ದಂಡೆಗೆ ಬಂತೆಂದರೆ ಎಷ್ಟು ಭಾರ ಅಂತ ಹೊತ್ತವರಿಗೇ ಗೊತ್ತು. ನಮ್ಮದು 16 ಅಡಿ ಉದ್ದದ ಸಣ್ಣ ದೋಣಿ. ಮಗುಚಬಾರದೆಂದು ಒಂದು ಪಕ್ಕಕ್ಕೆ ಎರಡು ಅಡ್ಡಕೋಲು ಹಾಕಿ ತೇಲುಮರ ಕಟ್ಟಿದ್ದೇವೆ. ಮೀನು ತೂಗುವ ತಕ್ಕಡಿಯಲ್ಲಿ ಒಂದೊಂದು ತುದಿ ತೂಗಿ ಕೂಡಿಸಿ ನೋಡಿದೆವು. ದೋಣಿ 90 ಕಿಲೋ, ಕೋಲು ಸೇರಿ ತೇಲುಮರ 15 ಕಿಲೋ. ಒಟ್ಟು 105.

ಮೊದಲು ಆರು ಜನ ಹೆಗಲು ಕೊಡುತ್ತಿದ್ದರು. ಈಗ ಕೇರಿಯ ಗಂಡಸರು ದೊಡ್ಡ ಬೋಟಿಗೆ ಹೋಗುತ್ತಾರೆ, ಎಷ್ಟೋ ದಿನ ಮನೆಗೆ ಬರುವುದಿಲ್ಲ. ಉಳಿದವರು ಅಪ್ಪಯ್ಯ, ಅಮ್ಮ, ನಾನು. ಹೋದ ವರ್ಷ ಮಳೆ ಹಿಡಿದ ವಾರ ಅಲೆ ದಂಡೆ ಹತ್ತಿ ಬಂದು ನೆರೆಮನೆಯವರ ದೋಣಿಯನ್ನು ಎಳೆದುಕೊಂಡು ಹೋಯಿತು. ಎರಡು ದಿನ ಬಿಟ್ಟು ಒಡೆದ ಹಲಗೆ ಮಾತ್ರ ಸಿಕ್ಕಿತು. ನಮ್ಮದನ್ನು ತೆಂಗಿನ ತೋಟದವರೆಗೆ ತಂದಿಡಲೇಬೇಕು, ಇರುವುದು ಮೂರೇ ಜನ. ಅದಕ್ಕೆ ಈ ಗಾಡಿ.

ಮೊದಲು ಚಕ್ರದ ಮಾತು. ಮರಳಿನಲ್ಲಿ ಹಿಮ್ಮಡಿ ಊರಿದರೆ ಹುಗಿಯುತ್ತದೆ, ಇಡೀ ಅಂಗಾಲು ಇಟ್ಟರೆ ಅಷ್ಟು ಹುಗಿಯುವುದಿಲ್ಲ. ಭಾರ ಅದೇ, ತಾಗುವ ಜಾಗ ಮಾತ್ರ ಬೇರೆ. ಸೈಕಲ್ ಚಕ್ರ ಹಿಮ್ಮಡಿಯ ಹಾಗೆ, ಮರಳನ್ನು ಕೊಯ್ದುಕೊಂಡು ಕೆಳಗಿಳಿಯುತ್ತದೆ. ಆದ್ದರಿಂದ ಸ್ಕೂಟರಿನ ಎರಡು ಹಳೇ ಚಕ್ರ ತಂದೆವು. ಗಾಳಿಯನ್ನು ಹೆಬ್ಬೆರಳಿನಲ್ಲಿ ಒತ್ತಿದರೆ ತಗ್ಗುವಷ್ಟೇ ಇಟ್ಟಿದ್ದೇವೆ. ಗಾಳಿ ಕಡಿಮೆಯಾದಷ್ಟೂ ಟಯರು ಚಪ್ಪಟೆಯಾಗಿ ಹೆಚ್ಚು ಮರಳಿನ ಮೇಲೆ ಕೂರುತ್ತದೆ.

ಇನ್ನು ಅಚ್ಚು, ಅಂದರೆ ಎರಡು ಚಕ್ರದ ನಡುವಿನ ಕಬ್ಬಿಣದ ಪೈಪು. ಇದನ್ನು ಎಲ್ಲಿ ಕೂರಿಸುವುದು? ಎಲ್ಲಕ್ಕಿಂತ ಮುಖ್ಯ ಇದೇ. ವೆಲ್ಡಿಂಗಿನ ಅಣ್ಣ, “ನಡೂಮಧ್ಯಕ್ಕೆ ಹಾಕಿದ್ರೆ ಆಯ್ತಲ್ಲ ಮಾರಾಯಾ, ಎಂತ ಲೆಕ್ಕ ಅದಕ್ಕೆ?” ಅಂದರು. ಆದರೆ ದೋಣಿಯ ನಡು ಬೇರೆ, ಭಾರದ ನಡು ಬೇರೆ. ಒಂದು ಗುಂಡನೆಯ ತೆಂಗಿನ ಕೊರಡಿನ ಮೇಲೆ ದೋಣಿಯನ್ನು ಅಡ್ಡ ಇಟ್ಟು ಹಿಂದೆ ಮುಂದೆ ಜರುಗಿಸಿದೆವು. ಏರುತಕ್ಕಡಿಯ ಹಾಗೆ ಎರಡೂ ಕಡೆ ಸಮವಾಗಿ ನಿಂತದ್ದು ಮುಂತುದಿಯಿಂದ 8½ ಅಡಿಯಲ್ಲಿ. ಅಚ್ಚನ್ನು ಅಲ್ಲಿಗೂ ಇಡಲಿಲ್ಲ, ಇನ್ನೂ ಅರ್ಧ ಅಡಿ ಹಿಂದಕ್ಕೆ, 9 ಅಡಿಗೆ ಇಟ್ಟೆವು. ಯಾಕೆಂದರೆ ಎಳೆಯುವವರ ಕೈಗೆ ಸ್ವಲ್ಪ ಭಾರ ಬೀಳಬೇಕು. ಸನ್ನೆಯ ಪಾಠದಲ್ಲಿ ಓದಿದ್ದೇವಲ್ಲ: 105ನ್ನು ಅರ್ಧದಿಂದ ಗುಣಿಸಿ 9ರಿಂದ ಭಾಗಿಸಿದರೆ ಸುಮಾರು 6 ಕಿಲೋ. ಇಬ್ಬರಿಗೆ ತಲೆಗೆ ಮೂರು ಕಿಲೋ. ದಿಬ್ಬ ಏರುವಾಗ ಮುಂತುದಿ ಮೇಲಾಗುತ್ತದೆ, ದೋಣಿಯ ಭಾರ ಅಚ್ಚಿಗಿಂತ ಎತ್ತರದಲ್ಲಿರುವುದರಿಂದ ಹಿಂದಕ್ಕೆ ವಾಲುತ್ತದೆ. ಆ ಆರು ಕಿಲೋ ಇಲ್ಲದಿದ್ದರೆ ಹಿಂತುದಿ ಮರಳಿಗೆ ಕುಟ್ಟಿ, ಮುಂದಿನವರ ಕೈ ಮೇಲಕ್ಕೆ ಹಾರುತ್ತದೆ.

ನಮ್ಮ ದೋಣಿಗೆ ಮತ್ತೊಂದು ತಾಪತ್ರಯ. ತೇಲುಮರ ಒಂದೇ ಪಕ್ಕ. ಅದರ 15 ಕಿಲೋ ಬೀಳುವುದು ದೋಣಿಯ ನಡುಗೆರೆಯಿಂದ 5 ಅಡಿ ದೂರ. 15 ಐದಲ 75, ಅದನ್ನು 105ರಿಂದ ಭಾಗಿಸಿದರೆ ಮುಕ್ಕಾಲು ಅಡಿಗೆ ಸ್ವಲ್ಪ ಕಡಿಮೆ. ಅಂದರೆ ಒಂದು ಗೇಣು. ಹಾಗಾಗಿ ದೋಣಿಯನ್ನು ಗಾಡಿಯ ನಡುವಿನಿಂದ ಒಂದು ಗೇಣು ಆಚೆ, ತೇಲುಮರ ಇಲ್ಲದ ಬದಿಗೆ ಸರಿಸಿ ಕೂರಿಸುತ್ತೇವೆ. ಆಗ ಎರಡೂ ಚಕ್ರಕ್ಕೆ ಸಮಭಾರ. ಎರಡೂ ಕಡೆ ಒಂದೇ ತೂಕದ ಒಡಲಿರುವ ದೋಣಿಗಾದರೆ ಈ ಕಷ್ಟವಿಲ್ಲ. ಅಂಥ ದೋಣಿಗೆ ಇಂಗ್ಲಿಷಿನಲ್ಲಿ ಕೆಟಮರಾನ್ ಅನ್ನುತ್ತಾರೆ. ಶಬ್ದ ಮಾತ್ರ ತಮಿಳಿನ ಕಟ್ಟುಮರಂ, ಕಟ್ಟಿದ ಮರ ಅಂತ. ನಮಗೂ ಅರ್ಥವಾಗುತ್ತದೆ ನೋಡಿ! ವಿಲಿಯಂ ಡ್ಯಾಂಪಿಯರ್ ಎಂಬ ಇಂಗ್ಲಿಷ್ ನಾವಿಕನ 1697ರ ಪ್ರವಾಸದ ಪುಸ್ತಕದಲ್ಲೇ ಈ ಹೆಸರು ಬಂದಿದೆ.

ದೋಣಿ ಕೂರುವ ಜಾಗಕ್ಕೆ ಎರಡು ಮರದ ತುಂಡನ್ನು ದೋಣಿಯ ಹೊಟ್ಟೆಯ ಆಕಾರಕ್ಕೆ ಕೆತ್ತಿ, ಮೇಲೆ ಹಳೇ ಟಯರಿನ ಪಟ್ಟಿ ಹೊಡೆದಿದ್ದೇವೆ. ಬರೀ ಮರವಾದರೆ ತಿಕ್ಕಿ ತಿಕ್ಕಿ ದೋಣಿ ಸವೆಯುತ್ತದೆ. ಹತ್ತಿಸುವಾಗ ಇಡೀ ದೋಣಿ ಎತ್ತಬೇಕಾಗಿಲ್ಲ. ಮುಂತುದಿ ಮಾತ್ರ ಎತ್ತಿದರೆ ಅರ್ಧ ಭಾರವೇ ಬರುವುದು. ಅಪ್ಪಯ್ಯ ಮತ್ತು ಅಮ್ಮ ಎತ್ತುತ್ತಾರೆ, ನಾನು ಗಾಡಿಯನ್ನು ಅಡಿಗೆ ತಳ್ಳಿ, ದೋಣಿಗೆ ಬಳಿದ ಕೆಂಪು ಗೆರೆಯವರೆಗೆ ತರುತ್ತೇನೆ. ಆಮೇಲೆ ಹಗ್ಗ, ಅಡ್ಡಡ್ಡ ಎರಡು ಸುತ್ತು.

ಉಪ್ಪುನೀರು ಕಬ್ಬಿಣವನ್ನು ತಿನ್ನುತ್ತದೆ. ಗಾಡಿಯನ್ನು ನೀರಿಗೆ ಇಳಿಸುವುದಿಲ್ಲ. ಆದರೂ ಅಲೆ ತಾಗಿಯೇ ತಾಗುತ್ತದೆ. ಮನೆಗೆ ಬಂದ ಕೂಡಲೇ ಎರಡು ಕೊಡ ಬಾವಿನೀರು ಹೊಯ್ದು ತೊಳೆಯುವುದು, ವಾರಕ್ಕೊಮ್ಮೆ ಅಚ್ಚಿಗೆ ಗ್ರೀಸ್ ಹಚ್ಚುವುದು ನನ್ನ ಕೆಲಸ.

ಈ ಸಲ ಮಳೆಗೆ ಮೊದಲೇ ದೋಣಿ ತೋಟ ಸೇರಿತು. ದಾರಿಯಲ್ಲಿ ಮೂರು ಸಲ ನಿಂತು ಉಸಿರು ತೆಗೆದುಕೊಂಡೆವು, ಅಷ್ಟೇ. ಗಾಡಿಯ ಚಿತ್ರ ಪಕ್ಕದ ಹಾಳೆಯಲ್ಲಿದೆ. ದೋಣಿ ಇರುವ ಮನೆಯವರು ಅಳತೆ ಬರೆದುಕೊಳ್ಳಬಹುದು. ಆದರೆ ನಿಮ್ಮ ದೋಣಿಯ ಭಾರದ ನಡುವನ್ನು ನೀವೇ ಕೊರಡಿನ ಮೇಲೆ ಇಟ್ಟು ನೋಡಿ. ಕೊರಡು ಬೇಕಾದರೆ ನಮ್ಮ ಅಂಗಳದಲ್ಲೇ ಬಿದ್ದಿದೆ.

– 9ನೇ ತರಗತಿ