ಆಟದೊಳಗಿನ ಬೀಗ ಹಾಕಿದ ಕೋಣೆ



ದೊಡ್ಡಬಳ್ಳಾಪುರ ತಾಲ್ಲೂಕಿನ ಸಾಸಲಿನಲ್ಲಿ ನನ್ನ ಸೋದರಮಾವನ ಮನೆಯಿದೆ. ಈಚೆಗೆ ಅಲ್ಲಿಗೆ ಹೋದಾಗ ಅವರ ಮೊಮ್ಮಗ, ಪಿ.ಯು.ಸಿ. ಓದುವ ಹುಡುಗ, ಜಗಲಿಯ ಮೇಲೆ ಕುಳಿತು ಮೊಬೈಲಿನಲ್ಲಿ ‘ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ’ ಆಡುತ್ತಿದ್ದ. “ಮಾವ, ನಮ್ಮ ದೇಶಕ್ಕೆ ಕೊಟ್ಟಿರೋದು ಅರ್ಧ ಆಟವಂತೆ. ಪೂರ್ತಿ ಆಟ ಹೊರದೇಶದಲ್ಲಿದೆ. ಯಾರೋ ಲಿಂಕ್ ಕಳಿಸಿದ್ದಾರೆ, ಒತ್ತಲಾ?” ಎಂದ. ಬೇಡ ಎಂದಷ್ಟೇ ಹೇಳಿದರೆ ಆ ವಯಸ್ಸಿನಲ್ಲಿ ನಾನೂ ಕೇಳುತ್ತಿರಲಿಲ್ಲ. ಆದ್ದರಿಂದ ಅವನಿಗೆ ಕಾರಣ ಸಹಿತ ಹೇಳಿದೆ. ಅದನ್ನೇ ಈಗ ನಿಮ್ಮ ಮುಂದಿಡುತ್ತಿದ್ದೇನೆ.

ಮೊದಲು ನನ್ನ ಬಾಲ್ಯದ ಆಟದಿಂದಲೇ ಪ್ರಾರಂಭಿಸೋಣ. 90ರ ದಶಕದ ಬೇಸಿಗೆ ರಜೆಗಳಲ್ಲಿ ಇದೇ ಮನೆಯ ಟಿ.ವಿ.ಗೆ ಆಟದ ಪೆಟ್ಟಿಗೆ ಜೋಡಿಸಿ ನಾವು ‘ಕಾಂಟ್ರಾ’ ಆಡುತ್ತಿದ್ದೆವು. ಕ್ಯಾಸೆಟ್ಟಿನ ಮೇಲೆ ‘99,99,999 ಆಟಗಳು’ ಎಂದು ಅಚ್ಚಾಗಿತ್ತು. ಎಣಿಸಿದರೆ ಒಳಗಿದ್ದದ್ದು ಹತ್ತಾರು ಮಾತ್ರ! ಇಬ್ಬರು ಸೈನಿಕರು ಕಾಡಿನಲ್ಲಿ ಗುಂಡು ಹಾರಿಸುತ್ತಾ ಓಡುವ ಆ ಆಟವನ್ನು ಜಪಾನಿನ ಕೊನಾಮಿ ಸಂಸ್ಥೆ 1987ರಲ್ಲಿ ನಾಣ್ಯ ಹಾಕಿ ಆಡುವ ಯಂತ್ರಕ್ಕಾಗಿಯೂ, 1988ರಲ್ಲಿ ಮನೆಯ ಟಿ.ವಿ.ಗಾಗಿಯೂ ಹೊರತಂದಿತು.

ಬಹಳ ವರ್ಷಗಳ ಮೇಲೆ ಅದೇ ಆಟದ ಜಪಾನಿ ಆವೃತ್ತಿಯನ್ನು ನೋಡಿ ಬೆರಗಾದೆ. ನಾವು ಆಡಿದ ಕಾಡಿನಲ್ಲಿ ಮರಗಳು ಅಲುಗದೆ ನಿಂತಿದ್ದವು. ಜಪಾನಿನ ಕಾಡಿನಲ್ಲಿ ಅವು ಗಾಳಿಗೆ ತೂಗಾಡುತ್ತಿದ್ದವು. ಹಿಮದ ಹಂತದಲ್ಲಿ ಹಿಮ ಸುರಿಯುತ್ತಿತ್ತು. ಹಂತಗಳ ನಡುವೆ ನಕಾಶೆಯೂ ಕಥೆಯ ದೃಶ್ಯಗಳೂ ಇದ್ದವು. ಅಮೆರಿಕಕ್ಕೆ ಹೋದ ಆವೃತ್ತಿಯಲ್ಲಿ ಇವು ಯಾವುವೂ ಇರಲಿಲ್ಲ.

ಏಕೆ? ಉತ್ತರ ಒಂದು ಪುಟ್ಟ ಚಿಪ್‌ನಲ್ಲಿದೆ. ಜಪಾನಿನಲ್ಲಿ ಕೊನಾಮಿ ತಾನೇ ತಯಾರಿಸಿದ ವಿಶೇಷ ಚಿಪ್ಪನ್ನು ಕ್ಯಾಸೆಟ್ಟಿನಲ್ಲಿ ಅಳವಡಿಸಬಹುದಾಗಿತ್ತು. ಅಮೆರಿಕದಲ್ಲಿ ಕ್ಯಾಸೆಟ್ಟುಗಳ ತಯಾರಿಕೆ ನಿಂಟೆಂಡೊ ಕೈಯಲ್ಲಿತ್ತು. ಅದು ತನ್ನ ಫಲಕಗಳನ್ನೇ ಬಳಸುತ್ತಿತ್ತು. ಅಲ್ಲಿನ ಕಾಂಟ್ರಾ ಕೇವಲ 128 ಕಿಲೋಬೈಟ್‌ಗಳಲ್ಲಿ ಮುಗಿಯಬೇಕಾಯಿತು. ಇಂದು ನಿಮ್ಮ ಮೊಬೈಲಿನ ಒಂದು ಛಾಯಾಚಿತ್ರಕ್ಕೂ ಅಷ್ಟು ಜಾಗ ಸಾಲದು. ಹೀಗೆ ಮರಗಳ ತೂಗಾಟವನ್ನು ನಿಲ್ಲಿಸಿದ್ದು ಒಂದು ವ್ಯಾಪಾರದ ಕರಾರು.

ಇನ್ನು ಯೂರೋಪನ್ನು ನೋಡಿ. ಅಲ್ಲಿ 1990ರಲ್ಲಿ ಇದೇ ಆಟ ‘ಪ್ರೊಬೊಟೆಕ್ಟರ್’ ಎಂಬ ಹೆಸರಿನಲ್ಲಿ ಬಂದಾಗ ಸೈನಿಕರೇ ಮಾಯವಾಗಿ ಅವರ ಜಾಗದಲ್ಲಿ ಯಂತ್ರಮಾನವರು ನಿಂತಿದ್ದರು. ಮನುಷ್ಯ ಮನುಷ್ಯನನ್ನು ಕೊಲ್ಲುವ ಆಟಗಳನ್ನು ಜರ್ಮನಿಯ ಆಡಳಿತ ಮಕ್ಕಳಿಗೆ ಹಾನಿಕರ ಎಂದು ಪಟ್ಟಿಗೆ ಸೇರಿಸಬಹುದಾಗಿತ್ತು. ಪಟ್ಟಿಗೆ ಸೇರಿದ ಆಟವನ್ನು ಮುಕ್ತವಾಗಿ ಜಾಹೀರಾತು ಮಾಡಿ ಮಾರುವಂತಿರಲಿಲ್ಲ. ಬದಲಾವಣೆಗೆ ಸಾಮಾನ್ಯವಾಗಿ ಕೊಡುವ ಕಾರಣ ಇದೇ. ಗುಂಡು, ಓಟ, ಜಿಗಿತ ಎಲ್ಲವೂ ಹಾಗೆಯೇ ಇದ್ದವು. ವೇಷ ಮಾತ್ರ ಬೇರೆ.

ಈಗ ನಮ್ಮ ಹುಡುಗನ ಆಟಕ್ಕೆ ಬರೋಣ. 2019ರ ಮಾರ್ಚ್‌ನಲ್ಲಿ ಗುಜರಾತಿನ ರಾಜಕೋಟ್‌ನಲ್ಲಿ ಪೊಲೀಸರು ‘ಪಬ್‌ಜಿ’ಯನ್ನು ನಿಷೇಧಿಸಿ, ಆಡುತ್ತಿದ್ದ ಕೆಲವು ಯುವಕರನ್ನು ಬಂಧಿಸಿದ್ದರು. 2020ರ ಸೆಪ್ಟೆಂಬರ್ 2ರಂದು ಕೇಂದ್ರ ಸರ್ಕಾರ ದೇಶದ ಭದ್ರತೆ ಹಾಗೂ ಬಳಕೆದಾರರ ಮಾಹಿತಿಯ ರಕ್ಷಣೆಯ ಕಾರಣ ನೀಡಿ ‘ಪಬ್‌ಜಿ ಮೊಬೈಲ್’ ಸೇರಿದಂತೆ 118 ಆ್ಯಪ್‌ಗಳನ್ನು ತಡೆಹಿಡಿಯಿತು. ದಕ್ಷಿಣ ಕೊರಿಯಾದ ಕ್ರಾಫ್ಟನ್ ಸಂಸ್ಥೆ 2021ರ ಜುಲೈ 2ರಂದು ಭಾರತಕ್ಕಾಗಿಯೇ ಬೇರೆ ಆವೃತ್ತಿಯನ್ನು ಬಿಡುಗಡೆ ಮಾಡಿತು. ಅದರಲ್ಲಿ ರಕ್ತದ ಬಣ್ಣ ಹಸಿರಾಗಿತ್ತು. ಇದು ನಿಜ ಪ್ರಪಂಚವಲ್ಲ ಎಂಬ ಸೂಚನೆಯಿತ್ತು. 18 ವರ್ಷದೊಳಗಿನವರಿಗೆ ದಿನಕ್ಕೆ 3 ಗಂಟೆಯ ಮಿತಿ, ಪೋಷಕರ ದೂರವಾಣಿ ಸಂಖ್ಯೆ ಕೊಡಬೇಕೆಂಬ ನಿಯಮ ಇದ್ದವು. ಆ ಆಟವೂ 2022ರ ಜುಲೈಯಲ್ಲಿ ಮಾರುಕಟ್ಟೆಯಿಂದ ಇಳಿದು, 2023ರ ಮೇ ತಿಂಗಳಲ್ಲಿ ಮರಳಿತು.

ಹಾಗಾದರೆ ‘ಪೂರ್ತಿ ಆಟ’ ಯಾವುದು? ಜಪಾನಿನದೇ, ಅಮೆರಿಕದ್ದೇ, ಯೂರೋಪಿನದೇ? ಒಂದೊಂದು ಆವೃತ್ತಿಯೂ ಆಯಾ ದೇಶದ ಕರಾರು, ಕಾನೂನು, ಆತಂಕಗಳ ಫಲ. ಒಂದು ಪೂರ್ತಿ, ಉಳಿದವು ಅರ್ಧ ಎನ್ನುವಂತಿಲ್ಲ.

ಇನ್ನೊಂದು ಸಂಗತಿಯಿದೆ. ಕೈಬಿಟ್ಟ ಭಾಗಗಳು ಎಲ್ಲಿಗೆ ಹೋಗುತ್ತವೆ? ನಮ್ಮ ಸಂಕಲನ ಕೊಠಡಿಯಲ್ಲಿ ಬೇಡವಾದ ದೃಶ್ಯವನ್ನು ತೆಗೆದರೆ ಅದು ಪ್ರಸಾರವಾಗುವ ಪ್ರತಿಯಲ್ಲಿ ಇರುವುದಿಲ್ಲ. ಆಟದ ತಂತ್ರಾಂಶ ಹಾಗಲ್ಲ. ಅದರ ಭಾಗಗಳು ಒಂದಕ್ಕೊಂದು ಹೆಣೆದುಕೊಂಡಿರುತ್ತವೆ. ಒಂದನ್ನು ಕಿತ್ತರೆ ಎಲ್ಲೋ ಮತ್ತೊಂದು ಕೆಡಬಹುದು. ಬಿಡುಗಡೆಯ ದಿನವೋ ಹತ್ತಿರ ಬಂದಿರುತ್ತದೆ. ಆಗ ತಯಾರಕರು ಕೋಣೆಯನ್ನು ಕೆಡವುವುದಿಲ್ಲ, ಬಾಗಿಲಿಗೆ ಬೀಗ ಹಾಕುತ್ತಾರೆ.

1997ರ ‘ಗೋಲ್ಡನ್‌ಐ 007’ ಎಂಬ ಆಟದಲ್ಲಿ ಇಂತಹ ಕೋಣೆಯೊಂದಿತ್ತು. ಬ್ರಿಟನ್ನಿನ ರೇರ್ ಸಂಸ್ಥೆಯ ತಂತ್ರಜ್ಞರು ಪ್ರಯೋಗಕ್ಕೆಂದು ಹಳೆಯ ‘ಸ್ಪೆಕ್ಟ್ರಮ್’ ಗಣಕವನ್ನು ಅನುಕರಿಸುವ ತಂತ್ರಾಂಶವನ್ನೂ 10 ಹಳೆಯ ಆಟಗಳನ್ನೂ ಅದರಲ್ಲಿ ಸೇರಿಸಿದ್ದರು. ಅದನ್ನು ನಿಷ್ಕ್ರಿಯಗೊಳಿಸಿದರೂ ಕ್ಯಾಸೆಟ್ಟಿನಿಂದ ಅಳಿಸಿರಲಿಲ್ಲ. ಅಭಿಮಾನಿಗಳು 2012ರಲ್ಲಿ ಆ ಬೀಗ ತೆರೆದರು. ಒಳಗಿದ್ದದ್ದು ನಿರಪಾಯದ ವಸ್ತು, ಎಲ್ಲರೂ ಸಂತೋಷಪಟ್ಟರು.

ಆದರೆ ‘ಗ್ರ್ಯಾಂಡ್ ಥೆಫ್ಟ್ ಆಟೊ: ಸ್ಯಾನ್ ಆಂಡ್ರಿಯಾಸ್’ ಆಟದಲ್ಲಿ ಬೀಗದ ಹಿಂದೆ ಅಶ್ಲೀಲ ದೃಶ್ಯಗಳಿದ್ದವು. 2005ರಲ್ಲಿ ಹೊರಗಿನವರು ಅವನ್ನು ತೆರೆಯುವ ದಾರಿ ಹಂಚಿದಾಗ ದೊಡ್ಡ ಗದ್ದಲವಾಯಿತು. ಅಮೆರಿಕದ ಶ್ರೇಣೀಕರಣ ಮಂಡಳಿ ಆಟವನ್ನು ‘ವಯಸ್ಕರಿಗೆ ಮಾತ್ರ’ ವರ್ಗಕ್ಕೆ ತಳ್ಳಿತು. ಅಂಗಡಿಗಳು ಅದನ್ನು ಕಪಾಟಿನಿಂದ ತೆಗೆದವು. ಬಳಸಲಿಲ್ಲ ಎಂದ ಮಾತ್ರಕ್ಕೆ ಹೊಣೆ ತಪ್ಪುವುದಿಲ್ಲ ಎಂಬ ಪಾಠವನ್ನು ತಯಾರಕರು ಅಂದು ಕಲಿತರು.

ಹುಡುಗನ ಕೈಯಲ್ಲಿದ್ದ ಲಿಂಕ್ ಇಂತಹದೇ ಕೀಲಿಕೈ ಎಂದು ಹೇಳಿಕೊಳ್ಳುತ್ತಿತ್ತು. ನಾನು ಅವನನ್ನು ಕೇಳಿದೆ: “ಬೀಗ ತೆಗೆಯೋನು ನಿನಗೆ ಗುರುತಿಲ್ಲ. ಅವನು ಬರಿಗೈಲಿ ಹೋಗ್ತಾನಾ?” ಅಧಿಕೃತ ಅಂಗಡಿಯ ಹೊರಗಿನ ಆ್ಯಪ್ ಹಾಕಲು ಹೋದಾಗ ಫೋನು ನಿಮ್ಮ ಅನುಮತಿ ಕೇಳುತ್ತದೆ, ಏಕೆಂದರೆ ಅದರ ಒಳಗೆ ಏನು ಸೇರಿಸಿದ್ದಾರೆಂದು ನೋಡಿದವರಿಲ್ಲ. ಒಮ್ಮೆ ಒಪ್ಪಿದರೆ ಅದು ಸಂದೇಶಗಳನ್ನು ಓದಲೂ ಅಪ್ಪಣೆ ಕೇಳಬಹುದು. ಬ್ಯಾಂಕಿನ ಗುಪ್ತ ಸಂಖ್ಯೆಯೂ ಸಂದೇಶದಲ್ಲೇ ಬರುತ್ತದಲ್ಲವೇ? ಅವನ ಕೈಯಲ್ಲಿದ್ದದ್ದು ಅವನ ಅಪ್ಪನ ಫೋನು. ಹಾಲಿನ ದುಡ್ಡು ಜಮೆಯಾಗುವುದೂ ಆ ಖಾತೆಗೇ.

ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಆ ಸಂದೇಶವನ್ನು ಅಳಿಸಿ, “ಮಾವ, ಆ ಮರ ತೂಗಾಡೋ ಕಾಂಟ್ರಾ ತೋರಿಸು” ಎಂದ.

ಮುಂದಿನ ಬಾರಿ ಆಟವಾಡುವಾಗ ನೀವೂ ಕೇಳಿಕೊಳ್ಳಿ: ಇದನ್ನು ಯಾರು ಬದಲಿಸಿದರು, ಏಕೆ ಬದಲಿಸಿದರು? ಬೀಗ ಹಾಕಿದ ಕೋಣೆಯ ಬಗ್ಗೆ ಕುತೂಹಲ ತಪ್ಪಲ್ಲ. ಕೀಲಿಕೈ ಕೊಡುವವರು ಯಾರೆಂದು ವಿಚಾರಿಸುವುದನ್ನು ಮಾತ್ರ ಮರೆಯಬೇಡಿ.